ಕ್ಯಾನ್ಸರ್ ವೈದ್ಯರು ಮತ್ತು ದೂರದ ರೋಗಿ: ಗಡಿಯಿಂದ ಕಂಡ ಒಂದು ಚರಿತ್ರೆ

ನಮ್ಮ ವಾಚನಾಲಯದಲ್ಲಿ ಪತ್ರಿಕೆ ಇಡುವ ಮೇಜಿನ ಮೇಲ್ಗಡೆ, ಗೋಡೆಯಲ್ಲಿ, ಹಳದಿ ತಿರುಗಿದ ಒಂದು ಕಾಗದ ಉಂಟು. “ಫೋನಿನಲ್ಲಿ ಡಾಕ್ಟರನ್ನು ಕಾಣಬೇಕಾದವರಿಗೆ ಸಂಜೆ ಐದರಿಂದ ಏಳರವರೆಗೆ ಇಲ್ಲಿ ಸಹಾಯ ಮಾಡಲಾಗುವುದು” ಎಂದು ಅದರಲ್ಲಿ ಬರೆದದ್ದು ನಾನೇ, 2020ರ ಜುಲೈ ತಿಂಗಳಲ್ಲಿ. ಅದರ ಕೆಳಗೆ ಬೇರೆ ಶಾಯಿಯಲ್ಲಿ ಇನ್ನೊಂದು ಸಾಲು ಉಂಟು. ಅದನ್ನು ಯಾಕೆ ಸೇರಿಸಬೇಕಾಯಿತು ಎಂಬುದನ್ನು ಕೊನೆಗೆ ಹೇಳುತ್ತೇನೆ.

ಈ ಸಲದ ಸಂಕಲನಕ್ಕೆ ಊರಿನ ಚರಿತ್ರೆಯ ಬಗ್ಗೆ ಏನಾದರೂ ಬರೆಯಿರಿ ಎಂದು ಸಮಿತಿಯವರು ಹೇಳಿದಾಗ ನಾನು ಆ ಕಾಗದವನ್ನು ತೋರಿಸಿದೆ. “ಇದು ಎಂತ ಚರಿತ್ರೆ ಮಾಸ್ಟ್ರೆ, ನಿನ್ನೆ ಮೊನ್ನೆಯದ್ದಲ್ವಾ?” ಎಂದು ಒಬ್ಬರು ನಕ್ಕರು. ದೇವಸ್ಥಾನದ ಶಾಸನ, ಶಾಲೆಯ ಹಾಜರಿ ಪುಸ್ತಕ, ಮೇಳದ ತಿರುಗಾಟ ಇವು ಮಾತ್ರ ಚರಿತ್ರೆ ಎಂದು ನಾನೂ ಬಹಳ ಕಾಲ ತಿಳಿದಿದ್ದೆ. ಆದರೆ ಕಾಯಿಲೆ ಬಿದ್ದ ಮನುಷ್ಯ ಯಾವ ದಾರಿಯಲ್ಲಿ, ಎಷ್ಟು ದೂರ, ಯಾರ ಕೈ ಹಿಡಿದು ವೈದ್ಯನ ಹತ್ತಿರ ಹೋದ ಎಂಬುದಕ್ಕೂ ಒಂದು ಚರಿತ್ರೆ ಉಂಟು. ನಮ್ಮಂಥ ಗಡಿಯೂರಿನವರಿಗೆ ಅದು ಸಣ್ಣ ಸಂಗತಿಯಲ್ಲ.

ಆಸ್ಪತ್ರೆಯ ದಾರಿ

1956ರ ನವೆಂಬರ್ 1ರವರೆಗೆ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಆಮೇಲೆ ಕೇರಳ. 1984ರ ಮೇ 24ರಂದು ನಮ್ಮದೇ ಜಿಲ್ಲೆಯಾಯಿತು. ರಾಜ್ಯ ಬದಲಾಯಿತು, ಶಾಲೆಯ ಪುಸ್ತಕ ಬದಲಾಯಿತು, ಕಚೇರಿಯ ಭಾಷೆ ಬದಲಾಯಿತು. ಬದಲಾಗದೆ ಉಳಿದದ್ದು ಆಸ್ಪತ್ರೆಯ ದಾರಿ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರು. ನಮ್ಮ ರಾಜಧಾನಿ ತಿರುವನಂತಪುರಕ್ಕೆ 550ಕ್ಕೂ ಹೆಚ್ಚು. ಹೆರಿಗೆಗೂ, ಹೃದಯಕ್ಕೂ, ಕ್ಯಾನ್ಸರಿಗೂ ನಮ್ಮವರು ತಲಪಾಡಿ ದಾಟಿ ಬಡಗು ದಿಕ್ಕಿಗೇ ಹೋದರು.

ಆದರೆ ಕೈಯಲ್ಲಿ ಹಣ ಇಲ್ಲದವರಿಗೆ ತೆಂಕು ದಾರಿಯೂ ಬೇಕಾಗುತ್ತಿತ್ತು. ತಿರುವನಂತಪುರದಲ್ಲಿ 1981ರಲ್ಲಿ ರೀಜನಲ್ ಕ್ಯಾನ್ಸರ್ ಸೆಂಟರ್ ಶುರುವಾಯಿತು. ಡಾ. ಎಂ. ಕೃಷ್ಣನ್ ನಾಯರ್ ಅದರ ಸ್ಥಾಪಕ ನಿರ್ದೇಶಕರು. ಮಲಬಾರಿನವರಿಗೆಂದು ತಲಶ್ಶೇರಿಯಲ್ಲಿ ಮಲಬಾರ್ ಕ್ಯಾನ್ಸರ್ ಸೆಂಟರ್ ಬರುವಾಗ ಹೊಸ ಶತಮಾನವೇ ಬಾಗಿಲಿಗೆ ಬಂದಿತ್ತು.

1994ರಲ್ಲಿ ನಾನು ನೆರೆಮನೆಯ ಅಜ್ಜನೊಬ್ಬರ ಜೊತೆ ತಿರುವನಂತಪುರಕ್ಕೆ ಹೋಗಿದ್ದೆ. ಅವರಿಗೆ ನಾಲಗೆಯ ಬದಿಯಲ್ಲಿ ಹುಣ್ಣಾಗಿ, ರೇಡಿಯೇಶನ್ ಆಗಿತ್ತು. ಅಜ್ಜನಿಗೆ ತುಳು, ಕನ್ನಡ ಬಿಟ್ಟರೆ ಬೇರೆ ಬಾರದು. ನನಗೆ ಮಲಯಾಳ ಬರುತ್ತಿತ್ತು ಎಂಬ ಒಂದೇ ಕಾರಣಕ್ಕೆ ಜೊತೆಗೆ ಹೋದದ್ದು. ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ರಾತ್ರಿ ಹೋಗುವುದು, ಹಗಲಿಡೀ ಸಾಲಿನಲ್ಲಿ ನಿಲ್ಲುವುದು, ಮತ್ತೊಂದು ರಾತ್ರಿ ಬರುವುದು. ಡಾಕ್ಟ್ರು ಬಾಯಿ ತೆರೆಸಿ ಟಾರ್ಚು ಹಾಕಿ ನೋಡಿದರು, ಕುತ್ತಿಗೆಯ ಎರಡೂ ಬದಿ ಬೆರಳಿನಿಂದ ಒತ್ತಿದರು, “ಕುಳಪ್ಪಮಿಲ್ಲ” ಅಂದರು. ತೊಂದರೆ ಇಲ್ಲ ಎಂದು ಅರ್ಥ. ಒಟ್ಟು ಐದು ನಿಮಿಷ ಆಗಿರಲಿಕ್ಕಿಲ್ಲ. ಹಿಂದೆ ಬರುವಾಗ ಅಜ್ಜ ಕೇಳಿದರು: “ಅಲ್ಲ ಮಗಾ, ಈ ಒಂದು ಮಾತನ್ನು ಒಂದು ಕಾರ್ಡಿನಲ್ಲಿ ಬರೆದು ಹಾಕಿದ್ರೆ ಸಾಕಿತ್ತಲ್ವಾ?”

ಆಗ ನಾನೂ ಹೌದೆಂದೇ ಅಂದಿದ್ದೆ. ಬೆರಳಿನಿಂದ ಒತ್ತಿದ ಆ ಅರ್ಧ ನಿಮಿಷದ ಬೆಲೆ ನನಗೆ ತಿಳಿದದ್ದು ಇಪ್ಪತ್ತಾರು ವರ್ಷ ಕಳೆದ ಮೇಲೆ.

ನೋಡದೆ ಹೇಳುವುದು ಹೇಗೆ?

ಅಜ್ಜ ಕೇಳಿದ ಪ್ರಶ್ನೆ ಹೊಸದಲ್ಲ. ಟೆಲಿಫೋನು ಬಂದದ್ದು 1876ರಲ್ಲಿ. ಮೂರೇ ವರ್ಷದಲ್ಲಿ, 1879ರಲ್ಲಿ, ಇಂಗ್ಲೆಂಡಿನ ‘ಲ್ಯಾನ್ಸೆಟ್’ ಎಂಬ ವೈದ್ಯ ಪತ್ರಿಕೆಯಲ್ಲಿ ಒಂದು ಸಂಗತಿ ಬಂತು. ರಾತ್ರಿ ಹೊತ್ತಿನಲ್ಲಿ ಮಗುವಿಗೆ ಕೆಮ್ಮು ಎಂದು ಮನೆಯವರು ಗಾಬರಿಯಾಗಿ ಡಾಕ್ಟರಿಗೆ ಫೋನು ಮಾಡಿದರು; ಮಗುವನ್ನು ಫೋನಿನ ಹತ್ತಿರ ಹಿಡಿಯಲಿಕ್ಕೆ ಹೇಳಿ, ಕೆಮ್ಮು ಕೇಳಿಸಿಕೊಂಡು, ಇದು ಹೆದರುವಂಥ ಗಂಟಲ ರೋಗವಲ್ಲ ಎಂದು ಡಾಕ್ಟರು ಹೇಳಿದರಂತೆ. ದೂರದಿಂದ ರೋಗ ತಿಳಿಯುವ ಆಸೆ ಅಷ್ಟು ಹಳೆಯದು.

ಆದರೆ ಕೆಮ್ಮು ಬೇರೆ, ಕ್ಯಾನ್ಸರ್ ಬೇರೆ. ಕ್ಯಾನ್ಸರ್ ವೈದ್ಯರು ಈ ವಿಷಯದಲ್ಲಿ ಉಳಿದವರಿಗಿಂತ ಯಾಕೆ ಹೆಚ್ಚು ಹಿಂಜರಿದರು ಎಂದು ತಿಳಿಯಬೇಕಾದರೆ ಅವರು ರೋಗಿಯನ್ನು ಹೇಗೆ ನೋಡುತ್ತಾರೆ ಎಂಬುದನ್ನು ಸ್ವಲ್ಪ ಅರ್ಥ ಮಾಡಿಕೊಳ್ಳಬೇಕು.

ಕೀಮೊ ಔಷಧಿಗಳು ವಿಷದ ಹಾಗೆ. ರೋಗವನ್ನೂ ಕೊಲ್ಲುತ್ತವೆ, ರೋಗಿಯ ಶಕ್ತಿಯನ್ನೂ ತಿನ್ನುತ್ತವೆ. ಹಾಗಾಗಿ ‘ಈ ಮನುಷ್ಯ ಇದನ್ನು ತಡೆದುಕೊಳ್ಳಬಲ್ಲನೇ?’ ಎಂಬ ಪ್ರಶ್ನೆ ಪ್ರತಿ ಸಲವೂ ಏಳುತ್ತದೆ. 1940ರ ದಶಕದ ಕೊನೆಯಲ್ಲಿ ಅಮೆರಿಕದ ಡೇವಿಡ್ ಕಾರ್ನೋಫ್‌ಸ್ಕಿ ಎಂಬ ವೈದ್ಯರು ಸಹೋದ್ಯೋಗಿಗಳೊಡನೆ ಇದಕ್ಕೊಂದು ಅಳತೆಗೋಲು ಮಾಡಿದರು. ಪೂರ್ತಿ ಆರೋಗ್ಯವಂತನಿಗೆ 100. ಅಲ್ಲಿಂದ ಹತ್ತು ಹತ್ತಾಗಿ ಇಳಿಯುತ್ತ ಸಾವಿಗೆ ಸೊನ್ನೆ. ತನ್ನ ಕೆಲಸ ತಾನು ಮಾಡಿಕೊಳ್ಳುತ್ತಾನೋ, ಇನ್ನೊಬ್ಬರ ಸಹಾಯ ಬೇಕೋ, ಹಾಸಿಗೆಯಲ್ಲೇ ಇದ್ದಾನೋ ಎಂದು ನೋಡಿ ಅಂಕ ಕೊಡುವುದು. ಆಮೇಲೆ ಇದಕ್ಕಿಂತ ಸರಳವಾದ, 0ಯಿಂದ 5ರವರೆಗಿನ ಇನ್ನೊಂದು ಅಳತೆಯೂ ಬಳಕೆಗೆ ಬಂತು. ಅದನ್ನು 1982ರಲ್ಲಿ ಪ್ರಕಟಿಸಿದರು. ಇವತ್ತಿಗೂ ಕ್ಯಾನ್ಸರ್ ರೋಗಿಯ ಫೈಲು ತೆರೆದರೆ ಈ ಅಂಕ ಕಾಣುತ್ತದೆ.

ಇದಕ್ಕೆ ಯಂತ್ರ ಬೇಡ, ರಕ್ತಪರೀಕ್ಷೆ ಬೇಡ. ರೋಗಿ ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬರುವ ಹತ್ತು ಹೆಜ್ಜೆ ಸಾಕು. ಗೋಡೆ ಹಿಡಿದನೇ, ಮಗನ ಹೆಗಲು ಹಿಡಿದನೇ, ಕುಳಿತುಕೊಳ್ಳುವಾಗ ಮುಖ ಹಿಂಡಿದನೇ, ಸೀರೆ ಸಡಿಲಾಗಿದೆಯೇ, ಎಂದು ಅನುಭವಿ ವೈದ್ಯರ ಕಣ್ಣು ರೋಗಿ ಬಾಯಿ ತೆರೆಯುವ ಮೊದಲೇ ಓದಿಕೊಂಡಿರುತ್ತದೆ. ಇದರ ಜೊತೆಗೆ ಬೆರಳಿನ ಕೆಲಸ: ಕಂಕುಳ, ಕುತ್ತಿಗೆ, ಹೊಟ್ಟೆಯ ಗಂಟುಗಳನ್ನು ಒತ್ತಿ ನೋಡುವುದು. ಮೂರನೆಯದು ಕೆಟ್ಟ ಸುದ್ದಿ ಹೇಳುವ ಕೆಲಸ. 2000ದಲ್ಲಿ ರಾಬರ್ಟ್ ಬಕ್‌ಮನ್ ಮತ್ತು ಸಂಗಡಿಗರು ಇದಕ್ಕಾಗಿ ಆರು ಹಂತಗಳ ಒಂದು ಕ್ರಮವನ್ನು ಪ್ರಕಟಿಸಿದರು. ಅದರಲ್ಲಿ ಮೊದಲನೆಯ ಹಂತವೇ ಜಾಗದ ಬಗ್ಗೆ: ಮರೆಯಾದ ಸ್ಥಳದಲ್ಲಿ, ನಿಂತುಕೊಂಡಲ್ಲ, ರೋಗಿಯ ಎದುರಿಗೆ ಕುಳಿತು ಮಾತಾಡಬೇಕು.

ಕಣ್ಣು, ಬೆರಳು, ಹತ್ತಿರದ ಮಾತು: ಈ ಮೂರೂ ಫೋನಿನಲ್ಲಿ ಇಲ್ಲ. “ನೋಡದೆ ಹೇಳಲಿಕ್ಕೆ ಆಗುವುದಿಲ್ಲ” ಎಂದು ಡಾಕ್ಟ್ರು ಹೇಳಿದರೆ ಅದು ಜಂಬ ಎಂದು ನಾವು ತಿಳಿಯುತ್ತೇವೆ. ಕೆಲವರದ್ದು ಜಂಬವೂ ಇರಬಹುದು. ಹೆಚ್ಚಿನವರದ್ದು ಕಸುಬಿನ ಮರ್ಯಾದೆ.

ನರ್ಸಿನ ಕೈ

ಹಾಗಿದ್ದರೂ ಒಪ್ಪಿದವರು ಇದ್ದರು. ಅವರು ಒಪ್ಪಿದ್ದು ಹೇಗೆ ಎಂಬುದೇ ಈ ಚರಿತ್ರೆಯ ಮುಖ್ಯ ಭಾಗ.

ಅಮೆರಿಕದ ಕ್ಯಾನ್ಸಸ್ ರಾಜ್ಯ ಬಯಲು ಸೀಮೆ. ಊರಿಂದ ಊರಿಗೆ ದೂರ. ರಾಜ್ಯದ ಪೂರ್ವ ಅಂಚಿನ ಕ್ಯಾನ್ಸಸ್ ಸಿಟಿಯ ವಿಶ್ವವಿದ್ಯಾಲಯದ ಆಸ್ಪತ್ರೆಯಿಂದ ಕ್ಯಾನ್ಸರ್ ತಜ್ಞರು 400 ಕಿಲೋಮೀಟರಿಗೂ ಹೆಚ್ಚು ದೂರದ ಹೇಸ್ ಎಂಬ ಊರಿನ ರೋಗಿಗಳನ್ನು ದೂರದರ್ಶನದ ಪರದೆಯಲ್ಲಿ ನೋಡಲು ತೊಡಗಿದ್ದು 1995ರಲ್ಲಿ. ಕ್ಯಾನ್ಸರಿನಲ್ಲಿ ಇಂಥ ಕೆಲಸದ ಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ಆದರೆ ಆ ಪರದೆಯ ಮುಂದೆ ರೋಗಿ ಒಂಟಿಯಾಗಿ ಕುಳಿತಿರಲಿಲ್ಲ. ಪಕ್ಕದಲ್ಲಿ ತರಬೇತಾದ ನರ್ಸ್ ಇದ್ದರು. ಎಲ್ಲಿ ಒತ್ತಬೇಕು, ಎಲ್ಲಿ ಸ್ಟೆತಸ್ಕೋಪ್ ಇಡಬೇಕು ಎಂದು ಡಾಕ್ಟ್ರು ಹೇಳಿದ ಹಾಗೆ ಅವರ ಕೈ ಕೆಲಸ ಮಾಡುತ್ತಿತ್ತು.

ಅದರ ಖರ್ಚಿನ ಲೆಕ್ಕವನ್ನೂ ಅವರೇ ಪ್ರಕಟಿಸಿದರು. ಡಾಕ್ಟ್ರ ಆಸ್ಪತ್ರೆಗೇ ರೋಗಿ ಬಂದರೆ ಒಂದು ಭೇಟಿಗೆ 149 ಡಾಲರು. ಡಾಕ್ಟ್ರೇ ಅಲ್ಲಿಗೆ ಹೋಗಿ ಶಿಬಿರ ಮಾಡಿದರೆ 897. ಪರದೆಯಲ್ಲಿ ನೋಡಿದರೆ 812. ಅಂದರೆ ಆರಂಭದ ದಿನಗಳಲ್ಲಿ ಇದು ಅಗ್ಗದ ದಾರಿಯಾಗಿರಲೇ ಇಲ್ಲ. ರೋಗಿ ಬರುವ ಖರ್ಚು ಮತ್ತು ಕಷ್ಟ ಆಸ್ಪತ್ರೆಯ ಲೆಕ್ಕದಲ್ಲಿ ಇರುವುದಿಲ್ಲ ಎಂಬುದನ್ನು ಓದುಗರು ನೆನಪಿಡಬೇಕು. ಅಜ್ಜನ ಎರಡು ರಾತ್ರಿಯ ರೈಲು ಯಾವ ಆಸ್ಪತ್ರೆಯ ಪುಸ್ತಕದಲ್ಲಿಯೂ ಇಲ್ಲ.

ಆಸ್ಟ್ರೇಲಿಯದಲ್ಲಿ ಇದು ಇನ್ನೂ ಮುಂದೆ ಹೋಯಿತು. ಕ್ವೀನ್ಸ್‌ಲ್ಯಾಂಡಿನ ಕರಾವಳಿಯ ಟೌನ್ಸ್‌ವಿಲ್ ಎಂಬಲ್ಲಿ ಕ್ಯಾನ್ಸರ್ ಕೇಂದ್ರ. ಅಲ್ಲಿಂದ ಸುಮಾರು 900 ಕಿಲೋಮೀಟರು ಒಳಗೆ ಮೌಂಟ್ ಐಸಾ ಎಂಬ ಗಣಿಯ ಊರು. 2007ರಿಂದ ಡಾ. ಸಾಬೆ ಸಾಬೇಶನ್ ಮತ್ತು ಅವರ ತಂಡದವರು ಪರದೆಯಲ್ಲಿ ರೋಗಿಗಳನ್ನು ನೋಡತೊಡಗಿದರು. ಬರೇ ನೋಡುವುದಲ್ಲ, ಕೀಮೊ ಕೂಡ ಮೌಂಟ್ ಐಸಾದಲ್ಲೇ ಕೊಡುವ ಹಾಗೆ ಮಾಡಿದರು. ಅದಕ್ಕಾಗಿ ಅಲ್ಲಿಯ ನರ್ಸುಗಳಿಗೆ ತರಬೇತಿ ಕೊಟ್ಟರು, ವೈದ್ಯರ ಸಂಖ್ಯೆ ಹೆಚ್ಚಿಸಿದರು. ಅಲ್ಲಿಯ ಮೂಲನಿವಾಸಿ ರೋಗಿಗಳ ಜೊತೆ ಅವರದೇ ಸಮುದಾಯದ ಆರೋಗ್ಯ ಕಾರ್ಯಕರ್ತರನ್ನು ಕೂರಿಸಿದರು. ಪರದೆ ಬಂದ ಮೇಲೆ ದೂರದ ಊರಿನಲ್ಲಿ ಜನ ಕಡಿಮೆ ಸಾಕು ಎಂದು ಆಡಳಿತದವರು ಎಲ್ಲೆಡೆ ತಿಳಿಯುತ್ತಾರೆ. ಅಲ್ಲಿ ಆದದ್ದು ಅದಕ್ಕೆ ವಿರುದ್ಧ: ಪರದೆ ಚೆನ್ನಾಗಿ ನಡೆಯಬೇಕಾದರೆ ಈಚೆ ತುದಿಯಲ್ಲಿ ಹೆಚ್ಚು ಕೈ ಬೇಕಾಯಿತು.

ನಮ್ಮ ದೇಶದಲ್ಲಿ 2000ದಲ್ಲಿ ಆಂಧ್ರದ ಚಿತ್ತೂರು ಜಿಲ್ಲೆಯ ಅರಗೊಂಡ ಗ್ರಾಮದಲ್ಲಿ ದೂರವೈದ್ಯ ಕೇಂದ್ರ ಆರಂಭವಾಯಿತು. ಅದರ ಬೆನ್ನಿಗೇ ಇಸ್ರೋದವರು ಉಪಗ್ರಹದ ಮೂಲಕ ದೂರದ ಆಸ್ಪತ್ರೆಗಳನ್ನು ನಗರದ ಆಸ್ಪತ್ರೆಗಳಿಗೆ ಜೋಡಿಸತೊಡಗಿದರು. ಕೇರಳದಲ್ಲಿ ತಿರುವನಂತಪುರದ ಕ್ಯಾನ್ಸರ್ ಕೇಂದ್ರವೂ ಅಲ್ಲಿಯ ಸಿ-ಡಾಕ್ ಸಂಸ್ಥೆಯೂ ಸೇರಿ ‘ಆಂಕೋನೆಟ್’ ಎಂಬ ಜಾಲ ಮಾಡಿದವು. ಕಣ್ಣೂರು, ಕೊಚ್ಚಿ ಮೊದಲಾದ ಕಡೆಯ ಉಪಕೇಂದ್ರಗಳಿಗೆ ರೋಗಿ ಬಂದರೆ ಅವನ ದಾಖಲೆಯನ್ನು ತಿರುವನಂತಪುರದಿಂದಲೇ ನೋಡಿ ಸಲಹೆ ಕೊಡುವ ಏರ್ಪಾಡು. ಚಿಕಿತ್ಸೆ ಮುಗಿದು, ಆರು ತಿಂಗಳಿಗೊಮ್ಮೆ ಬಂದು ತೋರಿಸಿಕೊಳ್ಳುವವರಿಗೆ ಇದು ಹೇಳಿ ಮಾಡಿಸಿದ ಹಾಗೆ ಇತ್ತು. ಇಲ್ಲಿಯೂ ಉಪಕೇಂದ್ರದಲ್ಲಿ ಒಬ್ಬ ಡಾಕ್ಟ್ರು ಇದ್ದು ರೋಗಿಯನ್ನು ಮುಟ್ಟಿ ನೋಡುತ್ತಿದ್ದರು ಎಂಬುದು ಮುಖ್ಯ.

ನಮ್ಮ ಅಜ್ಜ ಅಷ್ಟರಲ್ಲಿ ತೀರಿಕೊಂಡಿದ್ದರು. ಇದ್ದಿದ್ದರೆ ಕಣ್ಣೂರಿನ ತನಕ ಹೋದರೆ ಸಾಕಿತ್ತು.

ಕೇರಳದ ಇನ್ನೊಂದು ಬೆಳವಣಿಗೆಯನ್ನು ಇಲ್ಲಿಯೇ ಹೇಳಬೇಕು, ಮುಂದೆ ನಮಗೆ ಬೇಕಾಗ್ತದೆ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ನೋವು ಶಮನದ ಸಂಘವನ್ನು ಕಟ್ಟಿದರು. ಗುಣವಾಗದ ರೋಗಿಗಳ ನೋವು ಕಡಿಮೆ ಮಾಡುವುದು, ಮನೆಗೆ ಹೋಗಿ ಗಾಯ ತೊಳೆಯುವುದು ಅವರ ಕೆಲಸ. ಊರಿನ ಸ್ವಯಂಸೇವಕರು ಸೇರಿಕೊಂಡು ಅದು ಮಲಬಾರಿನಲ್ಲೆಲ್ಲ ಹರಡಿತು. 2008ರಲ್ಲಿ ಕೇರಳ ಸರಕಾರ ಇದನ್ನು ತನ್ನ ನೀತಿಯನ್ನಾಗಿ ಮಾಡಿ, ಪಂಚಾಯತುಗಳಿಗೆ ಹೊಣೆ ಕೊಟ್ಟಿತು. ಹಾಗೆ ನಮ್ಮ ಪಂಚಾಯತಿಗೂ ಒಬ್ಬರು ಪಾಲಿಯೇಟಿವ್ ನರ್ಸ್ ಬಂದರು.

ಕೋರ್ಟಿನ ಹೆದರಿಕೆ

ಡಾಕ್ಟ್ರುಗಳು ಹಿಂಜರಿಯಲು ಕಸುಬಿನ ಮರ್ಯಾದೆ ಒಂದೇ ಕಾರಣವಲ್ಲ, ಕಾನೂನಿನ ಭಯವೂ ಇತ್ತು. 2018ರ ಜುಲೈಯಲ್ಲಿ ಬಾಂಬೆ ಹೈಕೋರ್ಟು ರತ್ನಗಿರಿಯ ವೈದ್ಯ ದಂಪತಿಗೆ ನಿರೀಕ್ಷಣಾ ಜಾಮೀನು ನಿರಾಕರಿಸಿತು. ಹೆರಿಗೆಯಾಗಿ ಮನೆಗೆ ಹೋದ ಮಹಿಳೆ ಕಾಯಿಲೆಯಾಗಿ ಮರಳಿ ಬಂದಾಗ ವೈದ್ಯರು ಊರಿನಲ್ಲಿರಲಿಲ್ಲ, ಫೋನಿನಲ್ಲಿ ಹೇಳಿದ ಹಾಗೆ ಆಸ್ಪತ್ರೆಯವರು ಸೇರಿಸಿಕೊಂಡು ಔಷಧಿ ಕೊಟ್ಟರು, ಆಕೆ ತೀರಿಕೊಂಡರು. ಆ ಸಂದರ್ಭ ಬೇರೆ, ಕ್ಯಾನ್ಸರಿನ ಆರು ತಿಂಗಳ ಭೇಟಿ ಬೇರೆ. ಆದರೆ ‘ಫೋನಿನಲ್ಲಿ ಔಷಧಿ ಹೇಳಿದರೆ ಜೈಲು’ ಎಂಬ ಮಾತು ದೇಶದ ಡಾಕ್ಟ್ರುಗಳಲ್ಲಿ ಹಬ್ಬಿತು. ಯಾವುದು ಸರಿ, ಯಾವುದು ತಪ್ಪು ಎಂದು ಹೇಳುವ ಸ್ಪಷ್ಟ ನಿಯಮ ಆಗ ಇರಲಿಲ್ಲ.

ಆ ನಿಯಮ ಬಂದದ್ದು 2020ರ ಮಾರ್ಚ್ 25ರಂದು, ದೇಶಕ್ಕೆ ಬೀಗ ಬಿದ್ದ ಮೊದಲ ದಿನ. ವೀಡಿಯೊ, ಫೋನು, ಬರಹ, ಮೂರರಲ್ಲಿ ಯಾವುದರಲ್ಲಿಯಾದರೂ ನೋಂದಾಯಿತ ವೈದ್ಯರು ಸಲಹೆ ಕೊಡಬಹುದು. ಎದುರಿಗೇ ನೋಡಬೇಕೆಂದು ಕಂಡರೆ ಹಾಗೆ ಹೇಳುವುದು ವೈದ್ಯರ ವಿವೇಚನೆ. ಆದರೆ ಕೆಲವು ಔಷಧಿಗಳನ್ನು ಹೀಗೆ ಬರೆಯಲೇಬಾರದು ಎಂದೂ ಅದರಲ್ಲಿ ಇತ್ತು. ಮಾದಕವಸ್ತು ಕಾಯಿದೆಯ ಕೆಳಗೆ ಬರುವವು ಅದರಲ್ಲಿ ಸೇರಿದ್ದವು. ಕ್ಯಾನ್ಸರ್ ನೋವಿಗೆ ಕೊಡುವ ಮಾರ್ಫಿನ್ ಆ ಪಟ್ಟಿಯದ್ದು.

ತಲಪಾಡಿ ಮುಚ್ಚಿದಾಗ

ಅದೇ ವಾರ ನಮ್ಮ ದಾರಿ ಮುಚ್ಚಿತು. ಕಾಸರಗೋಡಿನಲ್ಲಿ ಕೊರೋನ ಹೆಚ್ಚೆಂದು ಕರ್ನಾಟಕದ ಕಡೆಯವರು ಗಡಿಯ ರಸ್ತೆಗಳಿಗೆ ಮಣ್ಣು ಹಾಕಿದರು. ತಲಪಾಡಿಯಲ್ಲಿ ಆಂಬುಲೆನ್ಸುಗಳು ನಿಂತವು. ಚಿಕಿತ್ಸೆ ಸಿಗದೆ ಸತ್ತವರ ಸುದ್ದಿ ದಿನವೂ ಪತ್ರಿಕೆಯಲ್ಲಿ ಬಂತು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆಗೆಸಬೇಕೆಂದು ಕೇಂದ್ರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಎರಡನೇ ವಾರದಲ್ಲಿ ತುರ್ತು ರೋಗಿಗಳನ್ನು ಪ್ರಮಾಣಪತ್ರ ನೋಡಿ ಬಿಡುವ ಏರ್ಪಾಡಾಯಿತು. ತುರ್ತು ಅಲ್ಲದವರು ಕಾಯಬೇಕು. ಕ್ಯಾನ್ಸರಿನಲ್ಲಿ ಯಾವುದು ತುರ್ತು, ಯಾವುದು ಅಲ್ಲ ಎಂದು ಹೇಳುವವರು ಯಾರು?

ಕೇರಳದ ಒಳಗೆ ಸರಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ಚಿಕಿತ್ಸೆ ಮುಂದುವರಿಸುವ ಏರ್ಪಾಡು ಮಾಡಿತು. ತಿರುವನಂತಪುರದಿಂದ ಔಷಧಿಯನ್ನು ಅಗ್ನಿಶಾಮಕ ದಳದವರು ಜಿಲ್ಲೆಯಿಂದ ಜಿಲ್ಲೆಗೆ ಕೈದಾಟಿಸಿ ತಲುಪಿಸಿದರು. ಇವು ಮರೆಯಬಾರದ ಕೆಲಸಗಳು. ಆದರೆ ಮಂಗಳೂರಿನಲ್ಲಿ ಫೈಲು ಇದ್ದವರ ಗತಿ ಬೇರೆಯೇ ಆಯಿತು.

ಚಿಕ್ಕಮ್ಮನ ಫೈಲು

ನನ್ನ ಚಿಕ್ಕಮ್ಮನದ್ದು ಅಂಥ ಒಂದು ಫೈಲು. ಅಮ್ಮನ ತಂಗಿ, ಅಮ್ಮ ಹೋದ ಮೇಲೆ ನನಗೆ ಅಮ್ಮನೇ. 2017ರಲ್ಲಿ ಮಂಗಳೂರಿನಲ್ಲಿ ಎದೆಯ ಗಂಟಿಗೆ ಆಪರೇಶನ್, ಕೀಮೊ, ರೇಡಿಯೇಶನ್ ಎಲ್ಲ ಆಗಿ ದಿನಕ್ಕೊಂದು ಮಾತ್ರೆಯಲ್ಲಿ ಇದ್ದರು. ಚಿಕ್ಕಪ್ಪ ಪಾರ್ಶ್ವವಾಯುವಾಗಿ ಮಲಗಿದಲ್ಲಿಯೇ; ಮಗ ದುಬೈಯಲ್ಲಿ. ಆರು ತಿಂಗಳಿಗೊಮ್ಮೆ ತೋರಿಸಲಿಕ್ಕೆ ಕರೆದುಕೊಂಡು ಹೋಗುವುದು ನಾನು. 2020ರ ಮಾರ್ಚ್ 30ಕ್ಕೆ ಹೋಗಬೇಕಿತ್ತು.

ಏಪ್ರಿಲಿನ ಮಧ್ಯದಲ್ಲಿ ಡಾಕ್ಟ್ರಿಗೆ ಫೋನು ಮಾಡಿದೆ. “ನೋಡದೆ ನಾನು ಎಂತ ಹೇಳುವುದು ಮಾರಾಯ್ರೆ?” ಎಂದೇ ಶುರು ಮಾಡಿದರು. ಆಮೇಲೆ, “ಆಗಲಿ, ವೀಡಿಯೊ ಮಾಡಿ” ಅಂದರು. ಮರುದಿನ ಚಾವಡಿಯಲ್ಲಿ ಚಿಕ್ಕಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಫೋನನ್ನು ಸ್ಟೀಲ್ ಡಬ್ಬಿಗೆ ಒರಗಿಸಿಟ್ಟು, ನಾನು ಪಕ್ಕದಲ್ಲಿಯೇ ಕುಳಿತೆ. ಡಾಕ್ಟ್ರು ಒಂದೊಂದಾಗಿ ಕೇಳಿದರು. ಮಾತ್ರೆ ತಪ್ಪಲಿಲ್ಲ ಅಲ್ವಾ ಅಮ್ಮ? ಕೈ ಬಾತಿದೆಯಾ? ಕೆಮ್ಮು? ಬೆನ್ನು, ಸೊಂಟ ಎಲ್ಲಿಯಾದರೂ ನೋವುಂಟಾ?

“ಇಲ್ಲ ಡಾಕ್ಟ್ರೆ, ಎಲ್ಲ ಸರಿ ಉಂಟು” ಎಂದರು ಚಿಕ್ಕಮ್ಮ. ನಾನೂ ಬಾಯಿ ಹಾಕಿದೆ: “ಅಡಿಗೆ ಎಲ್ಲ ಅವರೇ ಮಾಡ್ತಾರೆ ಸರ್, ತೊಂದರೆ ಇಲ್ಲ.” ಹತ್ತು ನಿಮಿಷದಲ್ಲಿ ಮುಗಿಯಿತು. ಪೆಟ್ರೋಲಿಲ್ಲ, ಸಾಲಿಲ್ಲ, ಗಡಿಯಿಲ್ಲ. ಅವತ್ತು ಸಂಜೆ ವಾಚನಾಲಯದ ಜಗಲಿಯಲ್ಲಿ ಕುಳಿತು, ಇನ್ನು ಮಂಗಳೂರಿಗೆ ಹೋಗುವ ಕಾಲ ಮುಗಿಯಿತು ಎಂದು ದೊಡ್ಡದಾಗಿ ಹೇಳಿದವ ನಾನೇ.

ಮೇ ಕೊನೆಗೆ ಪಾಲಿಯೇಟಿವ್ ಸಿಸ್ಟರು ಚಿಕ್ಕಪ್ಪನ ಟ್ಯೂಬು ಬದಲಿಸಲಿಕ್ಕೆ ಬಂದರು. ಪಯ್ಯನ್ನೂರಿನ ಕಡೆಯವರು, ಮಲಯಾಳ ಬೆರೆತ ಕನ್ನಡ ಮಾತಾಡುತ್ತಿದ್ದರು. ಚಿಕ್ಕಮ್ಮ ಅಡುಗೆ ಮನೆಯಲ್ಲಿ ಮಣೆಯ ಮೇಲೆ ಕುಳಿತಿದ್ದವರು ಏಳುವಾಗ ಗೋಡೆ ಹಿಡಿದು, ಮಂಡಿಯೂರಿ, ಎರಡು ಸಲದಲ್ಲಿ ಎದ್ದದ್ದನ್ನು ಅವರು ನೋಡಿದರು. ನನ್ನನ್ನು ಕರೆದು, “ಸರ್, ಸ್ವಲ್ಪ ಹೊರಗೆ ಇರಿ” ಎಂದರು. ಅಂಗಳದಲ್ಲಿ ಅರ್ಧ ಗಂಟೆ ನಿಂತೆ. ಸಿಸ್ಟರು ಬಂದು ಹೇಳಿದ್ದು ಇಷ್ಟು: ಫೆಬ್ರವರಿಯಿಂದಲೇ ಸೊಂಟದಲ್ಲಿ ನೋವು. ರಾತ್ರಿ ನಿದ್ದೆ ಇಲ್ಲ. ಅಡಿಗೆ ಮಾಡುವುದು ಹೌದು. ಅರ್ಧ ಕುಳಿತು, ಅರ್ಧ ಮಲಗಿ.

“ಅವತ್ತು ಯಾಕೆ ಹೇಳಲಿಲ್ಲ ಚಿಕ್ಕಮ್ಮ?” ಎಂದು ಕೇಳಿದೆ. “ನೀನು ಪಕ್ಕದಲ್ಲೇ ಇದ್ದಿ ಅಲ್ವಾ ಮಗಾ. ಹೇಳಿದ್ರೆ ನೀನು ಪಾಸು ಗೀಸು ಅಂತ ಓಡ್ತಿದ್ದಿ. ಅವರನ್ನು ಬಿಟ್ಟು ನಾನು ಎಲ್ಲಿಗೆ ಹೋಗುವುದು?” ಎಂದರು.

ಸಿಸ್ಟರೇ ಡಾಕ್ಟ್ರೊಡನೆ ಮಾತಾಡಿದರು. ಎಲ್ಲಿ ಒತ್ತಬೇಕೆಂದು ಡಾಕ್ಟ್ರು ಹೇಳಿದರು, ಅವರು ಒತ್ತಿ ನೋಡಿ ಹೇಳಿದರು. “ಇದು ಕಾಯುವಂಥದ್ದಲ್ಲ, ಕಾಗದ ನಾನು ಕಳಿಸ್ತೇನೆ” ಎಂದರು ಡಾಕ್ಟ್ರು. ಜೂನ್ ಮೊದಲ ವಾರ ಗಡಿ ದಾಟಿದೆವು. ಸ್ಕ್ಯಾನಿನಲ್ಲಿ ಸೊಂಟದ ಎಲುಬಿಗೆ ರೋಗ ಹರಡಿದ್ದು ಕಂಡಿತು. ಏಪ್ರಿಲಿನಲ್ಲೇ ತಿಳಿದಿದ್ದರೆ ರೋಗ ಹಿಂದೆ ಹೋಗುತ್ತಿರಲಿಲ್ಲ ಎಂದು ಡಾಕ್ಟ್ರು ನನ್ನ ಸಮಾಧಾನಕ್ಕೆ ಹೇಳಿದರು. ಆದರೆ ನೋವು ತಿಂದ ಆ ಒಂದೂವರೆ ತಿಂಗಳು ಕಡಿಮೆಯಾಗುತ್ತಿತ್ತು. “ಅವರು ಇಲ್ಲಿ ಒಳಗೆ ನಡೆದುಕೊಂಡು ಬಂದಿದ್ರೆ ನಾನು ಕೇಳಬೇಕೆಂದೇ ಇರಲಿಲ್ಲ” ಎಂದೂ ಹೇಳಿದರು. ಕುರ್ಚಿಯಲ್ಲಿ ಮೊದಲೇ ಕೂರಿಸಿ ಫೋನು ಹಚ್ಚಿದವ ನಾನು. ಆ ಹತ್ತು ಹೆಜ್ಜೆಯನ್ನು ಅವರ ಕಣ್ಣಿನಿಂದ ಅಡಗಿಸಿದ್ದೂ ನಾನೇ.

ಒಪ್ಪಿಗೆ ಎಷ್ಟು, ಯಾವುದಕ್ಕೆ

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಎರಡೂವರೆ ವರ್ಷ ಚಿಕ್ಕಮ್ಮನ ಚಿಕಿತ್ಸೆ ನಡೆದದ್ದು ಹೆಚ್ಚಾಗಿ ಅದೇ ಫೋನಿನಲ್ಲಿ. ಎಲುಬಿನ ಇಂಜೆಕ್ಷನನ್ನು ಇಲ್ಲಿಯ ಆಸ್ಪತ್ರೆಯಲ್ಲಿಯೇ ಕೊಟ್ಟರು. ರಕ್ತಪರೀಕ್ಷೆಯ ಕಾಗದ ಮಂಗಳೂರಿಗೆ ಹೋಯಿತು. ಒಂದು ಸಲ ಹೋದರೆ ಎರಡು ಸಲ ಪರದೆಯಲ್ಲಿ. ಪ್ರತಿ ಸಲ ಸಿಸ್ಟರು ಇದ್ದರು. ಮೊದಲು ಅಂಗಳದಿಂದ ಚಾವಡಿಗೆ ನಡೆಯಬೇಕು, ಫೋನು ಅದನ್ನು ನೋಡಬೇಕು, ಇದು ಡಾಕ್ಟ್ರು ಮಾಡಿದ ನಿಯಮ. ‘ನೋಡದೆ ಎಂತ ಹೇಳುವುದು’ ಎಂದವರೇ ಇಷ್ಟಕ್ಕೆ ಒಪ್ಪಿದ್ದರು. ಕೊನೆಯ ತಿಂಗಳುಗಳಲ್ಲಿ ಮಾರ್ಫಿನ್ ಬೇಕಾದಾಗ ಮಾತ್ರ ಫೋನು ಸಾಲಲಿಲ್ಲ; ಪಾಲಿಯೇಟಿವ್ ಡಾಕ್ಟ್ರು ಮನೆಗೇ ಬಂದು ನೋಡಿ ಬರೆದುಕೊಟ್ಟರು. 2022ರ ಡಿಸೆಂಬರಿನಲ್ಲಿ ಚಿಕ್ಕಮ್ಮ ಮನೆಯಲ್ಲಿಯೇ, ಚಿಕ್ಕಪ್ಪನ ಪಕ್ಕದ ಮಂಚದಲ್ಲಿ ತೀರಿಕೊಂಡರು.

ಆ ವರ್ಷಗಳಲ್ಲಿ ಬೇರೆ ಬೇರೆ ದೇಶಗಳಲ್ಲಿ ಕ್ಯಾನ್ಸರ್ ವೈದ್ಯರನ್ನೇ ಕೇಳಿ ಮಾಡಿದ ಅಧ್ಯಯನಗಳು ಬಂದವು. ಅಮೆರಿಕದ ಫಿಲಡೆಲ್ಫಿಯಾದ ಕ್ಯಾನ್ಸರ್ ಕೇಂದ್ರವೊಂದರವರ ಸಂದರ್ಶನಗಳು 2021ರಲ್ಲಿ ಪ್ರಕಟವಾದವು. ಅದೇ ವರ್ಷ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ಯಾವಾಗ ಪರದೆ ಸಾಕು, ಯಾವಾಗ ಸಾಲದು ಎಂದು ಮಾರ್ಗಸೂಚಿ ಮಾಡಿತು. ಅವನ್ನು ಓದುವಾಗ ನಮ್ಮ ಡಾಕ್ಟ್ರ ಮಾತೇ ಕೇಳಿದ ಹಾಗಾಯಿತು. ಚಿಕಿತ್ಸೆ ಮುಗಿದವರ ವಿಚಾರಣೆಗೆ, ವರದಿ ನೋಡುವುದಕ್ಕೆ, ಮಾತ್ರೆ ನುಂಗುವವರಿಗೆ ಪರದೆ ಒಳ್ಳೆಯದು. ಮುಟ್ಟಿ ನೋಡಬೇಕಾದಲ್ಲಿ ಆಗದು. ರೋಗಿಯ ಮನೆ, ಮನೆಯವರು ಕಾಣಿಸುವುದು ಆಸ್ಪತ್ರೆಯಲ್ಲಿ ಸಿಗದ ಲಾಭ ಎಂದವರಿದ್ದಾರೆ. ಕೆಟ್ಟ ಸುದ್ದಿಯ ವಿಷಯದಲ್ಲಿ ಮಾತ್ರ ಒಮ್ಮತ ಇಲ್ಲ. ಪರದೆಯಲ್ಲಿ ಹೇಳುವುದು ಕ್ರೂರ ಎಂದು ಕೆಲವರು. ಸುದ್ದಿ ಕೇಳಿದವನು ತನ್ನ ಮನೆಯಲ್ಲೇ ಇರುತ್ತಾನಲ್ಲ, ಅಳುತ್ತ ಗಾಡಿ ಓಡಿಸಿಕೊಂಡು ಹೋಗಬೇಕಿಲ್ಲವಲ್ಲ ಎಂಬುದು ಇನ್ನೊಂದು ವಾದ.

ನನ್ನ ಅಭಿಪ್ರಾಯ ಕೇಳಿದರೆ, ಅ ಮಾತಿಗಿಂತ ಮೊದಲು ಕೇಳಬೇಕಾದದ್ದು ಬೇರೆ ಉಂಟು. ಹೇಸ್‌ನಲ್ಲಿ, ಮೌಂಟ್ ಐಸಾದಲ್ಲಿ, ಕಣ್ಣೂರಿನಲ್ಲಿ ಡಾಕ್ಟ್ರು ಒಪ್ಪಿದ್ದು ತಂತ್ರ ಒಳ್ಳೆಯದಾಯಿತು ಎಂದಲ್ಲ. ರೋಗಿಯ ಪಕ್ಕದಲ್ಲಿ ತಾವು ನಂಬುವ ಒಂದು ಕೈ ಇತ್ತು ಎಂದು. ನಮ್ಮ ಚಾವಡಿಯಲ್ಲಿ ಮೊದಲ ದಿನ ಆ ಜಾಗದಲ್ಲಿ ನಾನು ಕುಳಿತಿದ್ದೆ. ಪ್ರೀತಿ ಇತ್ತು, ಭಾಷೆ ಗೊತ್ತಿತ್ತು, ಆದರೆ ನಾನಿದ್ದ ಕಾರಣಕ್ಕೇ ಅವರು ಬಾಯಿ ಬಿಡಲಿಲ್ಲ. ಅಜ್ಜನ ಜೊತೆ ತಿರುವನಂತಪುರಕ್ಕೆ ಹೋದಾಗಲೂ ಅಜ್ಜ ನನ್ನ ಬಾಯಿಂದ ಎಷ್ಟನ್ನು ಹೇಳಿಸಿದರು, ಎಷ್ಟನ್ನು ನುಂಗಿಕೊಂಡರು ಎಂದು ಈಗ ಯೋಚನೆಯಾಗುತ್ತದೆ. ಗಡಿಯಲ್ಲಿ ಬದುಕುವ ನಮಗೆ ಡಾಕ್ಟ್ರ ಮುಂದೆ ಯಾವಾಗಲೂ ಒಬ್ಬ ದುಭಾಷಿ ಬೇಕಾಗುತ್ತಾನೆ. ಹೆಚ್ಚಾಗಿ ಅವನು ಮಗ, ಅಳಿಯ, ಸೊಸೆ. ಹೆಂಗಸರ ಕಾಯಿಲೆಯನ್ನು ಹೆಂಗಸರು ಮಗನ ಬಾಯಿಂದ ಹೇಳಿಸಬೇಕು. ಇದು ಪರದೆಯ ತಪ್ಪಲ್ಲ. ಪರದೆ ಅದನ್ನು ಇನ್ನೂ ಸುಲಭ ಮಾಡಿಕೊಟ್ಟಿತು, ಅಷ್ಟೆ.

ಈಗಲೂ ವಾರಕ್ಕೆ ಇಬ್ಬರು ಮೂವರು ನಮ್ಮ ವಾಚನಾಲಯಕ್ಕೆ ಫೈಲು ಹಿಡಿದುಕೊಂಡು ಬರುತ್ತಾರೆ. ಒಳಗಿನ ಕೋಣೆಯಲ್ಲಿ, ಪುಸ್ತಕದ ಕಪಾಟಿನ ಎದುರು, ಫೋನು ಇಡಲು ಬಡಗಿಯಿಂದ ಒಂದು ಮರದ ಪೀಠ ಮಾಡಿಸಿದ್ದೇವೆ. ಬಾಗಿಲಿನಿಂದ ಅದರ ತನಕ ಹತ್ತು ಹೆಜ್ಜೆ ಉಂಟು, ನಾನು ಅಳೆದಿದ್ದೇನೆ. ಇಬ್ಬರು ಆಶಾ ಕಾರ್ಯಕರ್ತೆಯರು, ಕನ್ನಡ, ತುಳು, ಮಲಯಾಳ ಮೂರೂ ಬರುವವರು, ಸರದಿಯಲ್ಲಿ ಬಂದು ಕೂರುತ್ತಾರೆ. ಮನೆಯವರು ಅವರ ಜೊತೆ ಒಳಗೆ ಬರಬಹುದು. ಆದರೆ ಕೊನೆಯ ಐದು ನಿಮಿಷ ಜಗಲಿಗೆ ಹೋಗಬೇಕು. ಕೆಲವರಿಗೆ ಸಿಟ್ಟು ಬರ್ತದೆ. “ನನ್ನ ಅಮ್ಮನ ವಿಷಯ ನನಗೆ ಗೊತ್ತಿಲ್ವಾ?” ಎಂದು ಕೇಳುತ್ತಾರೆ.

ಆಗ ನಾನು ಗೋಡೆಯ ಕಾಗದವನ್ನು ತೋರಿಸುತ್ತೇನೆ. ಕೆಳಗಿನ ಸಾಲು ಚಿಕ್ಕಮ್ಮ ಇರುವಾಗಲೇ ಬರೆದದ್ದು. ಅವರಿಗೆ ಓದಿಯೂ ಹೇಳಿದ್ದೆ. “ರೋಗಿಯು ಡಾಕ್ಟರೊಡನೆ ಒಂಟಿಯಾಗಿ ಮಾತಾಡುವಾಗ ಜೊತೆಗೆ ಬಂದವರು ಹೊರಗೆ ಕುಳಿತುಕೊಳ್ಳಬೇಕು.”